ಒಂಬತ್ತು ಗೆಲುವಿನ ಆಮದಾರ

ಹೊಸ ವಿಧಾನಸಭೆ ಸೇರಿದಾಗ ಸದಸ್ಯರಿಗೆ ಪ್ರಮಾಣವಚನ ಬೋಧಿಸಲು, ಸ್ಪೀಕರ್ ಆಯ್ಕೆಯಾಗುವ ತನಕ ಪೀಠದಲ್ಲಿ ಕೂರಲು ಒಬ್ಬರು ಬೇಕು. ಅವರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಪದದಿಂದ ಕರೆಯುತ್ತಾರೆ: ಹಂಗಾಮಿ. ಎರಡು-ಮೂರು ದಿನದ ಈ ಹುದ್ದೆ ಸಾಮಾನ್ಯವಾಗಿ ಸದನದ ಅತಿ ಹಿರಿಯರಲ್ಲೊಬ್ಬರಿಗೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 2019ರ ನವೆಂಬರ್‌ನಲ್ಲಿ, ಮತ್ತೆ 2024ರ ಡಿಸೆಂಬರ್‌ನಲ್ಲಿ, ಎರಡು ಸಲವೂ ಆ ಪೀಠದಲ್ಲಿ ಕೂತವರು ಮುಂಬೈಯ ವಡಾಲ ಕ್ಷೇತ್ರದ ಕಾಳಿದಾಸ್ ಕೋಳಂಬಕರ್. 1990ರಿಂದ ಈಚೆಗೆ ಒಂದೂ ಚುನಾವಣೆ ಸೋಲದೆ ಒಂಬತ್ತು ಸಲ ಗೆದ್ದವರು.

ಕನ್ನಡಿಗರಿಗೆ ವಡಾಲ ಅಪರಿಚಿತ ಊರಲ್ಲ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವುದು ಅಲ್ಲೇ. ಗೌಡ ಸಾರಸ್ವತರ ರಾಮಮಂದಿರವೂ ಅಲ್ಲಿದೆ. ಪಕ್ಕದ ಮಾಟುಂಗಕ್ಕೆ ಹೋದರೆ ಉಡುಪಿ ಹೋಟೆಲುಗಳ ಸಾಲು. ಆದರೆ ಈ ಕ್ಷೇತ್ರದ ಮತದ ಗಟ್ಟಿ ನೆಲ ನಾಯಗಾಂವ್ ಕಡೆಗಿದೆ: ಗಿರಣಿ ಕಾರ್ಮಿಕರ ಚಾಳುಗಳು, ಪೊಲೀಸ್ ವಸತಿ, ಬಾಗಿಲು ಹಾಕಿದ ಸ್ಪ್ರಿಂಗ್ ಮಿಲ್‌ನ ಜಾಗ. 2008ರ ಕ್ಷೇತ್ರ ಮರುವಿಂಗಡಣೆಯ ತನಕ ಕ್ಷೇತ್ರದ ಹೆಸರೂ ನಾಯಗಾಂವ್ ಎಂದೇ ಇತ್ತು.

ಕೋಳಂಬಕರ್ ಅವರ ಲೆಕ್ಕ ಹೀಗಿದೆ. 1990, 1995, 1999, 2004 - ನಾಲ್ಕು ಸಲ ಶಿವಸೇನೆಯಿಂದ. 2005ರಲ್ಲಿ ನಾರಾಯಣ ರಾಣೆ ಶಿವಸೇನೆಯಿಂದ ಹೊರಬಿದ್ದು ಕಾಂಗ್ರೆಸ್ ಸೇರಿದಾಗ ಇವರೂ ಅವರ ಹಿಂದೆ ನಡೆದರು. 2006ರ ಉಪಚುನಾವಣೆ, 2009, 2014 - ಮೂರು ಸಲ ಕಾಂಗ್ರೆಸ್ಸಿನಿಂದ. 2019ರ ಜುಲೈ ಕೊನೆಯಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2019, 2024 - ಎರಡು ಸಲ ಬಿಜೆಪಿಯಿಂದ. ಇಷ್ಟರಲ್ಲಿ ಒಮ್ಮೆ ಮಾತ್ರ ಕೂದಲೆಳೆಯಲ್ಲಿ ಪಾರಾದರು: ಎಲ್ಲ ಪಕ್ಷಗಳೂ ಬೇರೆ ಬೇರೆಯಾಗಿ ಕಾದಿದ 2014ರಲ್ಲಿ, ಬಿಜೆಪಿ ಅಭ್ಯರ್ಥಿಯ ಎದುರು, ಸುಮಾರು 800 ಮತಗಳಿಂದ. ಐದು ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷದ ಚಿಹ್ನೆ ಅವರದಾಯಿತು.

ಈ ದಾಖಲೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಸಾಂಗೋಲದ ಗಣಪತರಾವ್ ದೇಶಮುಖ್ ಹನ್ನೊಂದು ಸಲ ಗೆದ್ದವರು. ಪ್ರತಿ ಸಲವೂ ಶೇತಕರಿ ಕಾಮಗಾರ್ ಪಕ್ಷದಿಂದಲೇ. ಅಲ್ಲಿ ಪಕ್ಷ ಸೊರಗಿದರೂ ಮನುಷ್ಯ ಅದನ್ನು ಬಿಡಲಿಲ್ಲ. ಕರ್ನಾಟಕದವರಿಗೆ ವಡಾಲದ ಕತೆ ಕೇಳಿದರೆ ನೆನಪಾಗುವವರು ದೇಶಮುಖ್ ಅಲ್ಲ, ಹುಕ್ಕೇರಿಯ ಉಮೇಶ ಕತ್ತಿ. ಜನತಾ ಪರಿವಾರದ ಕವಲುಗಳನ್ನು ದಾಟುತ್ತ ಬಿಜೆಪಿಗೆ ಬಂದು, ಎಂಟು ಸಲ ಶಾಸಕರಾಗಿದ್ದವರು. ಚಿಹ್ನೆ ಬದಲಾದರೂ ಮತ ಬದಲಾಗದ ಊರು ಮುಂಬೈಯಲ್ಲಷ್ಟೇ ಇಲ್ಲ.

ಹಾಗಾದರೆ ಜನ ಓಟು ಹಾಕುವುದು ಯಾವುದಕ್ಕೆ? ಕನ್ನಡದ 'ಶಾಸಕ' ಎಂಬ ಪದದೊಳಗೆ ಶಾಸನವಿದೆ. ಕಾನೂನು ಮಾಡುವವನು ಎಂಬ ಅರ್ಥವನ್ನು ಅದು ಹೊತ್ತುಕೊಂಡೇ ತಿರುಗುತ್ತದೆ. ಮರಾಠಿಯ 'ಆಮದಾರ' ಪದದಲ್ಲಿ ಕಾನೂನಿನ ಸುಳಿವೇ ಇಲ್ಲ. ಆಮ್ ಎಂದರೆ ಸಾಮಾನ್ಯ, ಸಾರ್ವಜನಿಕ. ದಾರ ಎಂಬುದು ಜಮೀನ್ದಾರ, ಠಾಣೇದಾರರಲ್ಲಿ ಇರುವ ಅದೇ ದಾರ. ನಾಯಗಾಂವ್‌ನಂಥ ಕಡೆ ಜನರಿಗೆ ಬೇಕಾಗಿರುವುದು ಆಮದಾರನೇ. ರೇಷನ್ ಕಾರ್ಡಿನ ತಕರಾರು, ಆಸ್ಪತ್ರೆಗೆ ಒಂದು ಪತ್ರ, ಕಟ್ಟಿಕೊಂಡ ಗಟಾರ, ನಳದಲ್ಲಿ ಬಾರದ ನೀರು. ಇವುಗಳಲ್ಲಿ ಅರ್ಧ ಕೆಲಸ ನಿಯಮದ ಪ್ರಕಾರ ನಗರಸೇವಕರದು. ಆದರೆ 2022ರ ಮಾರ್ಚ್‌ನಲ್ಲಿ ಮುಂಬೈ ಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆಯೇ ನಡೆಯಲಿಲ್ಲ, ನಗರಸೇವಕರೂ ಇರಲಿಲ್ಲ. ಜನ ಬಾಗಿಲು ತಟ್ಟಬೇಕಿದ್ದರೆ ಆಮದಾರರ ಕಚೇರಿಯದನ್ನೇ ತಟ್ಟಬೇಕಿತ್ತು.

ಇದಕ್ಕಿಂತ ದೊಡ್ಡದು ಮನೆಯ ಪ್ರಶ್ನೆ. ನಾಯಗಾಂವ್‌ನಲ್ಲಿ 42 ಬಿಡಿಡಿ ಚಾಳುಗಳಿದ್ದವು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದವು. ಒಂದೊಂದು ಖೋಲಿ 160 ಚದರಡಿ, ಶೌಚಾಲಯ ಮಹಡಿಗೆಲ್ಲ ಒಂದೇ ಕಡೆ. ಕಾರ್ಮಿಕರು, ಪೊಲೀಸರು, ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಬೆಳೆದರು. ಅದೇ ಕುಟುಂಬಗಳಿಗೆ 500 ಚದರಡಿಯ ಮನೆ ಉಚಿತವಾಗಿ ಕೊಡುವ ಮ್ಹಾಡಾ ಯೋಜನೆಗೆ ಭೂಮಿಪೂಜೆ ಆದದ್ದು 2017ರಲ್ಲಿ. ವರಳಿಯ ಬಿಡಿಡಿ ಚಾಳಿನ 556 ಕುಟುಂಬಗಳ ಕೈಗೆ ಮೊದಲ ಕೀಲಿಗಳು ಬಂದದ್ದು 2025ರ ಆಗಸ್ಟ್‌ನಲ್ಲಿ. ಈ ಚಾಳುಗಳ ಮಾಲೀಕ ಯಾವ ಸೇಟ್‌ಜಿಯೂ ಅಲ್ಲ, ಸ್ವತಃ ಸರ್ಕಾರ. ಮಾಲೀಕನೇ ಸರ್ಕಾರವಾದಾಗ ಬಾಡಿಗೆದಾರನಿಗೆ ಮಂತ್ರಾಲಯದೊಳಗೆ ಓಡಾಡಬಲ್ಲ ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಪಕ್ಷ ಯಾವುದೆಂಬುದು ಅವನಿಗೆ ಎರಡನೆಯ ಪ್ರಶ್ನೆ.

ಇಲ್ಲಿಂದ ನೋಡಿದರೆ ಕೋಳಂಬಕರ್ ಅವರ ಎರಡು ಪಕ್ಷಾಂತರಗಳೂ ಬೇರೆಯಾಗಿ ಕಾಣುತ್ತವೆ. ಎರಡು ಸಲವೂ ಅವರು ಹೋದದ್ದು ಆಗ ಅಧಿಕಾರದಲ್ಲಿದ್ದ ಪಕ್ಷಕ್ಕೆ. ಎರಡು ಸಲವೂ ಮತದಾರ ಅದನ್ನು ದ್ರೋಹವೆಂದು ಓದಲಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಹಿಂದಿರುವ ನಂಬಿಕೆ, ಮತ ಪಕ್ಷಕ್ಕೆ ಸೇರಿದ್ದು ಎಂಬುದು. ನಾಯಗಾಂವ್ ಆ ನಂಬಿಕೆಯನ್ನು ಎರಡು ಸಲ ತಳ್ಳಿಹಾಕಿತು. ಒಂದು ಮಾತು ಅವರ ಪರವಾಗಿ ಹೇಳಲೇಬೇಕು: ಅವರು ಸ್ಥಾನ ಬಿಟ್ಟು, ಹೊಸ ಚಿಹ್ನೆ ಹಿಡಿದು ಮತ್ತೆ ಜನರ ಮುಂದೆ ನಿಂತವರು. 2022ರಲ್ಲಿ ಶಿವಸೇನೆ ಒಡೆದಾಗ ಸರ್ಕಾರವೇ ಬದಲಾಯಿತು, ಆದರೆ ಬಣ ಬದಲಿಸಿದ ಯಾರೂ ರಾಜೀನಾಮೆ ಕೊಟ್ಟು ಮತ ಕೇಳಲಿಲ್ಲ. ಹಾಗಂತ ಜನರ ಮುಂದೆ ಹೋಗಿಬಂದರೆ ಎಲ್ಲವೂ ತೊಳೆದುಹೋಗುತ್ತದೆ ಎನ್ನುವಂತೆಯೂ ಇಲ್ಲ. 2019ರ ಡಿಸೆಂಬರ್‌ನಲ್ಲಿ ಕರ್ನಾಟಕದ 15 ಉಪಚುನಾವಣೆಗಳಲ್ಲಿ 12ನ್ನು ಬಿಜೆಪಿ ಗೆದ್ದಾಗ, ಸಮ್ಮಿಶ್ರ ಸರ್ಕಾರ ಬಿದ್ದ ರೀತಿಯ ಪ್ರಶ್ನೆ ಫಲಿತಾಂಶದಡಿ ಮುಚ್ಚಿಹೋಯಿತು.

2019ರ ನವೆಂಬರ್ 26ರಂದು ಫಡ್ನವೀಸ್ ರಾಜೀನಾಮೆ ಕೊಟ್ಟರು. ಮರುದಿನ ಬೆಳಿಗ್ಗೆ ಹಂಗಾಮಿ ಪೀಠದಿಂದ ಪ್ರಮಾಣವಚನ ಬೋಧಿಸಿದವರು, ಆ ಪಕ್ಷ ಸೇರಿ ನಾಲ್ಕೇ ತಿಂಗಳಾಗಿದ್ದ ಕೋಳಂಬಕರ್. ಎದುರಿಗಿದ್ದ ಮೂರು ಪಕ್ಷಗಳ ಸಾಲುಗಳಲ್ಲಿ ಎರಡು ಅವರು ಕೂತು ಎದ್ದುಬಂದ ಸಾಲುಗಳೇ. ಸಂವಿಧಾನಕ್ಕೆ ನಿಷ್ಠೆಯಿಂದಿರುತ್ತೇನೆ ಎಂಬ ಆ ವಾಕ್ಯದಲ್ಲಿ ಪಕ್ಷದ ಮಾತು ಬರುವುದಿಲ್ಲ. ಆ ಮಟ್ಟಿಗೆ ಅವರು ತಪ್ಪಿದ್ದೇನೂ ಇಲ್ಲ.

ಕೊರಗು ಬೇರೆ ಕಡೆಯಿದೆ. ನೂರು ವರ್ಷ ಹಳೆಯ ಸರ್ಕಾರಿ ಖೋಲಿಯಲ್ಲಿರುವ ಕುಟುಂಬಕ್ಕೆ ಮನೆ ಸಿಗುವುದು ಹಕ್ಕಾಗಿದ್ದರೆ, ಶಾಸಕ ಯಾವ ಪಕ್ಷದಲ್ಲಿದ್ದರೂ ಸಿಗಬೇಕು. ವಿರೋಧ ಪಕ್ಷದಲ್ಲಿದ್ದಾಗಲಂತೂ ಸದನದಲ್ಲಿ ಜೋರಾಗಿ ಕೇಳಿ ಪಡೆಯುವಂತಿರಬೇಕು. ಅಧಿಕಾರದ ಹತ್ತಿರವಿದ್ದರೆ ಮಾತ್ರ ಕೆಲಸವಾಗುತ್ತದೆ ಎಂದು ಮತದಾರ ಒಪ್ಪಿಕೊಂಡ ದಿನ, ವಿರೋಧ ಪಕ್ಷದ ಶಾಸಕನಿಗೆ ಅವನು ಓಟು ಹಾಕಲು ಕಾರಣವೇ ಉಳಿಯುವುದಿಲ್ಲ. ಒಂಬತ್ತು ಗೆಲುವುಗಳು ಒಬ್ಬ ಮನುಷ್ಯನ ದುಡಿಮೆಯನ್ನು ತೋರಿಸುತ್ತವೆ, ಅದರಲ್ಲಿ ಅನುಮಾನವಿಲ್ಲ. ಮೂವತ್ತೈದು ವರ್ಷಗಳಲ್ಲಿ ಆ ಕ್ಷೇತ್ರದ ಜನರಿಗೆ ಇನ್ನೊಂದು ದಾರಿ ಇತ್ತೇ ಎಂಬುದನ್ನೂ ಅವೇ ಗೆಲುವುಗಳಲ್ಲಿ ಓದಬೇಕಾಗುತ್ತದೆ.