ಕೇರಿಯಿಂದ ಮೀಟಿಂಗಿಗೆ

ಕುಡಿತ ಅಂದ ಕೂಡಲೆ ಕೇರಿಯ ಕಡೆ ಬೆರಳು ತೋರಿಸುವುದು ಈ ನಾಡಿನ ಹಳೇ ಚಾಳಿ. ಸಾಹುಕಾರ ತೋಟದ ಮನೆಯಲ್ಲಿ ಕುಡಿದರೆ ಪಾರ್ಟಿ, ನಮ್ಮಪ್ಪ ಕುಡಿದರೆ ಕುಡುಕ. ಕೂಲಿಯ ಜೊತೆ ಸಾರಾಯಿ ಕೊಟ್ಟು ದುಡಿಸಿಕೊಂಡವರ ಸುದ್ದಿ ಯಾರೂ ಎತ್ತುವುದಿಲ್ಲ. ಇದನ್ನೆಲ್ಲ ನಾವು ಪದ್ಯ ಮಾಡಿದ್ದೇವೆ, ವೇದಿಕೆ ಹತ್ತಿ ಕೂಗಿದ್ದೇವೆ. ಆದರೆ ಬೆಳಗಾಗೆದ್ದರೆ ಚಿಕ್ಕಪ್ಪನ ಕೈ ನಡುಗುತ್ತಿತ್ತು. ಲೋಟದ ನೀರೂ ಬಾಯಿಗೆ ಮುಟ್ಟುತ್ತಿರಲಿಲ್ಲ.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಪಾಕೀಟು ಹೋಯಿತು, ವಿಸ್ಕಿಯ ಟೆಟ್ರಾ ಪ್ಯಾಕು ಬಂತು. 90 ಎಂ.ಎಲ್. ಡಬ್ಬಿ ನಮ್ಮ ಕೇರಿ ತಿರುವಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿಕಟ್ಟಿನ ಪಕ್ಕದಲ್ಲೇ ಕೂತಿದೆ, ಲೈಸೆನ್ಸಿಲ್ಲದೆ. 2019ರ ಜನವರಿಯಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಮದ್ಯ ನಿಲ್ಲಿಸಿ ಅಂದರು. ಸಂವಿಧಾನದ 47ನೇ ವಿಧಿ ಅವರ ಕಡೆಗಿದೆ. ಖಜಾನೆ ಇಲ್ಲ. ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿದ ಅಬಕಾರಿ ಹಣವನ್ನು ಯಾವ ಸರ್ಕಾರ ಬಿಟ್ಟೀತು?

ಚಿಕ್ಕಪ್ಪನನ್ನು ಮೊದಲು ಆಸ್ಪತ್ರೆಗೆ ಕರೆದೊಯ್ದೆವು. ಮೇಷ್ಟ್ರುಗಳು ಇದನ್ನು ಊರಲ್ಲಿ ಹೇಳಬೇಕು: ದಿನಾ ಕುಡಿಯುವವನನ್ನು ಒಮ್ಮೆಗೇ ಬಿಡಿಸಿ ಕೋಣೆಯಲ್ಲಿ ಕೂಡಿಹಾಕಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವವೇ ಹೋಗಬಹುದು. ಹರಕೆ, ತಾಯಿತ ಆಮೇಲೆ, ಡಾಕ್ಟರು ಮೊದಲು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14446ಕ್ಕೆ ಫೋನು ಮಾಡಿ ಕೇಳಬಹುದು. ಆಸ್ಪತ್ರೆಯಿಂದ ಹೊರಡುವಾಗ ಅಲ್ಲಿನವರೊಬ್ಬರು ಚೀಟಿ ಬರೆದುಕೊಟ್ಟರು. ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಕೆಳಗೆ ಒಂದು ಚರ್ಚಿನ ಗುರುತು.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಶೇರು ವ್ಯವಹಾರದವನು, ಇನ್ನೊಬ್ಬ ಡಾಕ್ಟರು, ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿಕೊಂಡರಂತೆ. ಅಲ್ಲಿಂದ ಬಂದದ್ದು ಇದು. ಫೀಸಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು.

ಮೀಟಿಂಗು ತಾಲ್ಲೂಕಿನಲ್ಲಿ, ಸಂಜೆ ಏಳಕ್ಕೆ ಶುರು, ಎಂಟೂವರೆಗೆ ಮುಗಿತಾಯ. ನಮ್ಮೂರ ಕೊನೇ ಬಸ್ಸು ಎಂಟೂಕಾಲಿಗೆ. ಪೇಟೆಯವರು ಗೊತ್ತುಮಾಡಿದ ಹೊತ್ತು ಅದು. ಎಷ್ಟೋ ವಾರ ಅರ್ಧಕ್ಕೇ ಎದ್ದು ಬಸ್‌ಸ್ಟ್ಯಾಂಡಿಗೆ ಓಡಿದ್ದೇವೆ.

ಅದು ಓಪನ್ ಮೀಟಿಂಗಾದ್ದರಿಂದ ಕುಡಿಯದ ನಮ್ಮನ್ನೂ ಒಳಗೆ ಬಿಟ್ಟರು. ಚಿಕ್ಕಪ್ಪ ಬಾಗಿಲಲ್ಲೇ ಚಪ್ಪಲಿ ಕೈಗೆತ್ತಿಕೊಂಡು, "ನಾನು ಎಲ್ಲಿ ಕೂರ್ಲಿ ಬುದ್ದಿ?" ಅಂದ. ಯಾರೋ ಒಬ್ಬರು ತಮ್ಮ ಪಕ್ಕದ ಕುರ್ಚಿ ಎಳೆದರು. ಟೀ ಬಂದಾಗ ಅವನ ಕಣ್ಣು ಬೇರೆ ಲೋಟ ಹುಡುಕುತ್ತಿತ್ತು. ಬೇರೆ ಲೋಟ ಇರಲಿಲ್ಲ.

ಅಲ್ಲಿ ಹೆಸರೊಂದು ಹೇಳಿದರೆ ಸಾಕು, ಮನೆತನ ಬೇಡ, ಊರು ಬೇಡ, ಕೆಲಸ ಬೇಡ. ಒಳ್ಳೆಯ ಕಟ್ಟಳೆಯೇ. ಆದರೆ ಬ್ಯಾಂಕಿನವರ ಹೆಸರಿನ ಹಿಂದೆ ಜಾತಿ ಅಡಗಿ ಕೂರಬಲ್ಲದು. ನಮ್ಮಜ್ಜಿ ಇಟ್ಟ ಹೆಸರು ಬಾಯಿಬಿಟ್ಟ ಕೂಡಲೇ ಕೇರಿಯ ದಾರಿ ತೋರಿಸುತ್ತದೆ. ಚಿಕ್ಕಪ್ಪ ತನ್ನ ಹೆಸರು ಹೇಳಿದ. ಒಂದು ಗಳಿಗೆ ನಾವು ಎಲ್ಲರ ಮುಖ ನೋಡಿದೆವು. ಎಲ್ಲರೂ "ನಮಸ್ಕಾರ" ಅಂದರು. ಅಷ್ಟೆ.

ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಕುಡಿತದ ಮುಂದೆ ನಾವು ಅಶಕ್ತರು ಎಂದು ಒಪ್ಪಿಕೊಳ್ಳುವುದು. ನಮಗೆ ಮೈ ಉರಿಯಿತು. ಸಾವಿರಾರು ವರ್ಷ ಅಶಕ್ತರೆನಿಸಿಕೊಂಡೇ ಬಂದ ನಮಗೆ ಇದನ್ನೂ ಹೇಳಿಕೊಡಬೇಕೆ? ಬಸ್ಸಿನಲ್ಲಿ ಜಗಳಕ್ಕೇ ನಿಂತೆವು. ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತಾ, "ಗೌಡ್ನ ಮುಂದೆ ಅಂದ್ರಾ? ಸೀಸೆ ಮುಂದೆ ಅಂದ್ರು ಕಣ್ರಲಾ. ಅದೂ ಇದೂ ಒಂದೇ ಮಾಡ್ಬ್ಯಾಡಿ" ಅಂದ. ಓದಿದ ನಮಗೆ ಉತ್ತರ ಹೊಳೆಯಲಿಲ್ಲ. ದೇವರ ವಿಷಯಕ್ಕೂ ಹಾಗೇ. ಯಾರಿಗೆ ಹೇಗೆ ತಿಳಿದಿದೆಯೋ ಹಾಗೆ ದೇವರು ಅನ್ನುತ್ತಾರೆ ಅವರು. "ಗುಡಿ ಒಳಕ್ಕೆ ಬುಡದ ದೇವ್ರ ಸಾವಾಸ ನಂಗ್ಯಾಕೆ, ಇಲ್ಲಿ ಕುಂತಿರೋ ಜನವೇ ಸಾಕು" ಅಂದ ಮೀಟಿಂಗಿನಲ್ಲೇ. ಯಾರೂ ತಿದ್ದಲಿಲ್ಲ.

ಚಿಕ್ಕಮ್ಮನಿಗೆ ಮಾತ್ರ ಎಲ್ಲೂ ಕುರ್ಚಿ ಇರಲಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬುದು 1951ರಿಂದಲೇ ಇದೆ, ನಮ್ಮ ತಾಲ್ಲೂಕಿಗೆ ಬಂದಿಲ್ಲ. "ಅವ್ನು ಬುಟ್ಟ, ಸರಿ. ಸಂಘದ ಸಾಲ ನನ್ನ ಬುಟ್ಟದಾ?" ಅಂತ ಅವಳು ಈಗಲೂ ನಾಟಿಗೆ ಹೋಗುತ್ತಾಳೆ.

ಇಬ್ಬರು ಮೂವರು ಕುಡುಕರು ಬಿಡಲೆಂದು ಕೂಡಿ ಕೂತರೆ ಅದೇ ಒಂದು ಗುಂಪು ಅನ್ನುತ್ತದೆ ಅವರ ನಿಯಮ, ಬೇರೆ ಯಾವ ಸಂಘಟನೆಗೂ ಸೇರಿರಕೂಡದು ಅಷ್ಟೆ. ಕೊನೇ ಬಸ್ಸಿನ ಕಾಟ ತಪ್ಪಲೆಂದು ಕೇರಿಯ ಅಂಬೇಡ್ಕರ್ ಭವನದ ಬೀಗದ ಕೈ ಕೇಳಿದೆವು. ಗೆಳೆಯರು ಸಂಘಟನೆಯ ಬ್ಯಾನರು ಕಟ್ಟಲು ಬಂದರು. ಚಿಕ್ಕಪ್ಪ ಬೇಡವೆಂದ. ಒಬ್ಬ ಗೆಳೆಯ ಮುನಿಸಿಕೊಂಡು ಹೋದ. ಚಿಕ್ಕಪ್ಪನ ಮಾತೇ ಸರಿ ಅನ್ನುತ್ತೇವೆ ನಾವು. ಬ್ಯಾನರಿಗೆ ಜಾಗ ಆ ಪೆಟ್ಟಿಗೆ ಅಂಗಡಿಯ ಮುಂದಿದೆ. ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ.

ಕಳೆದ ಭಾನುವಾರ ಐದು ಜನ ಬಂದಿದ್ದರು. ಅವರಲ್ಲೊಬ್ಬ ಕುಡಿದೇ ಬಂದಿದ್ದ. ಚಿಕ್ಕಪ್ಪ ಅವನ ಕೈಗೆ ಟೀ ಲೋಟ ಕೊಟ್ಟು, "ಇವತ್ತು ಮಾತಾಡ್ಬ್ಯಾಡ, ಕೇಳುಸ್ಕೊ" ಅಂತ ಪಕ್ಕದಲ್ಲಿ ಕೂರಿಸಿಕೊಂಡ.