ದೂರದಿಂದ ತಿದ್ದಿಸಿದ ಅಕ್ಷರ

ಮೂವತ್ತೊಂದು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿ ನಿವೃತ್ತಳಾದ ನನಗೆ, ಶಾಲೆಗಳ ಬಾಗಿಲು ಮುಚ್ಚಿದ ಕಾಲವನ್ನು ಮನೆಯೊಳಗೆ ಕುಳಿತು ನೋಡುವ ಪ್ರಸಂಗ ಒದಗಿತು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಕರ್ನಾಟಕದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆರು ವರ್ಷದ ಕೂಸಿಗೆ ಹತ್ತೊಂಬತ್ತು ತಿಂಗಳೆಂದರೆ ಅದು ಬದುಕಿದ ಆಯುಷ್ಯದ ಕಾಲುಭಾಗಕ್ಕಿಂತ ಹೆಚ್ಚು.

ನನ್ನ ಮೊಮ್ಮಗಳು ಆಗ ಒಂದನೆಯ ತರಗತಿ. ದಿನವೂ ಬೆಳಿಗ್ಗೆ ಮೊಬೈಲಿನೆದುರು ಕುಳಿತು ಅಕ್ಷರ ಬರೆಯುತ್ತಿದ್ದಳು. ಆಕೆಯ ತಾಯಿ ಆ ಪುಟದ ಚಿತ್ರ ತೆಗೆದು ಶಿಕ್ಷಕಿಗೆ ಕಳುಹಿಸುತ್ತಿದ್ದಳು. ಪುಟದಲ್ಲಿ ಅಕ್ಷರ ಅಂದವಾಗಿಯೇ ಇರುತ್ತಿತ್ತು. ಆದರೆ ಮಗು 'ಲ'ಕಾರವನ್ನು ಬಾಲದ ಕಡೆಯಿಂದ ಆರಂಭಿಸಿ ಹಿಂದುಮುಂದಾಗಿ ಎಳೆಯುತ್ತಿತ್ತು. ಇದು ಚಿತ್ರದಲ್ಲಿ ಕಾಣುವುದಿಲ್ಲ. ತರಗತಿಯಲ್ಲಾದರೋ ಶಿಕ್ಷಕಿಯು ಬೆನ್ನ ಹಿಂದಿನಿಂದ ಬಾಗಿ, ಪುಟ್ಟ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ತಿದ್ದಿಸುವಳು. ಉಚ್ಚಾರಣೆಯ ಮಾತಂತೂ ಹೇಳತೀರದು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಮಗು ಗುರುವಿನ ತುಟಿ ನೋಡಿ, ಅಂಗೈ ಮೇಲೆ ಉಸಿರು ತಾಗಿಸಿಕೊಂಡು ಅರಿಯಬೇಕು. ಮೊಬೈಲಿನ ಸಣ್ಣ ಧ್ವನಿಯಲ್ಲಿ 'ಕ'ವೂ 'ಖ'ವೂ ಒಂದೇ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನು ಬಲ್ಲವರಿಗೆ ಇದು ಇನ್ನೂ ಸ್ಪಷ್ಟವಾದೀತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳಕೆಯೊಡೆದ ಆ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕಾರ್ಡುಗಳನ್ನು ಹಿಡಿದು ತಟ್ಟೆಗಳೆಂಬ ಗುಂಪುಗಳಲ್ಲಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕಿಯ ನೆರವು, ಇನ್ನೊಂದಕ್ಕೆ ಜೊತೆಯವರ ನೆರವು, ಮತ್ತೊಂದರಲ್ಲಿ ಸ್ವಯಂಕಲಿಕೆ. ಪಕ್ಕದ ಹುಡುಗಿಯನ್ನು ನೋಡಿ ಕಲಿತದ್ದೇ ಅಲ್ಲಿ ಅರ್ಧ ವಿದ್ಯೆ. ಪಕ್ಕದಲ್ಲಿ ಯಾರೂ ಇಲ್ಲದಿರುವಾಗ ಆ ಅರ್ಧ ಎಲ್ಲಿಂದ ಬರಬೇಕು?

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠಗಳನ್ನು ನಿಲ್ಲಿಸಹೊರಟಿತು. ಜುಲೈಯಲ್ಲಿ ಉಚ್ಚ ನ್ಯಾಯಾಲಯವು ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರದ ಮಾರ್ಗಸೂಚಿಯು ಶಾಲಾಪೂರ್ವ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರಬಾರದೆಂದಿತು. ವಾದವೆಲ್ಲ ಎಷ್ಟು ಹೊತ್ತು ಎಂಬುದರ ಸುತ್ತಲೇ ಸುತ್ತಿತು.

ವಾಚಕರ ಮನಸ್ಸಿಗೆ ನಾಟಬೇಕಾದ ವಿಷಯ ಬೇರೊಂದಿದೆ. ಪ್ರಶ್ನೆ ಕೇಳಿದೊಡನೆ ಮಗುವಿನ ಪಕ್ಕದಲ್ಲಿ, ತೆರೆಗೆ ಕಾಣದಂತೆ ಕುಳಿತ ಹಿರಿಯರು ಉತ್ತರವನ್ನು ಪಿಸುಗುಟ್ಟುತ್ತಿದ್ದರು. ಮಗು ಅದನ್ನೇ ಗಟ್ಟಿಯಾಗಿ ಹೇಳಿ ಮೆಚ್ಚುಗೆ ಪಡೆಯುತ್ತಿತ್ತು. ಇಂತಹ ಮನೆಗಳನ್ನು ನಾನು ಬಹಳ ಕಂಡೆ. ಸತ್ಯವನ್ನು ವ್ರತವೆಂದು ಬೋಧಿಸುವ ಮನೆಗಳೂ ಅದರಲ್ಲಿದ್ದವು. ವಾತ್ಸಲ್ಯದಿಂದಲೇ ಹೇಳಿಕೊಟ್ಟರು, ನಿಜ. ಆದರೆ ತಪ್ಪುವ ಹಕ್ಕನ್ನು ಕಳೆದುಕೊಂಡ ಮಗು ಏನನ್ನು ಕಲಿಯಿತು? ಅಪ್ಪನೇ ಸುಳ್ಳಿಗೆ ಹೆಗಲು ಕೊಡುವನೆಂಬುದನ್ನು ಬೇಗ ಕಲಿಯಿತು. ನನ್ನ ಮೊಮ್ಮಗಳು ಒಮ್ಮೆ, "ಅಜ್ಜಿ, ನೀವೇಕೆ ನನಗೆ ಹೇಳಿಕೊಡುವುದಿಲ್ಲ? ಅವರ ಅಮ್ಮಂದಿರೆಲ್ಲ ಹೇಳುತ್ತಾರೆ" ಎಂದು ಅತ್ತಳು. ಅವಳಿಗೆ ತಕ್ಕ ಸಮಾಧಾನ ನನ್ನ ಬಳಿ ಇರಲಿಲ್ಲ.

ನಮ್ಮ ಮನೆಗೆಲಸದಾಕೆಯ ಮಗನಿಗೆ ಈ ಧರ್ಮಸಂಕಟವೂ ಇರಲಿಲ್ಲ. ಮನೆಯ ಒಂದೇ ಮೊಬೈಲು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಅಂಥವರಿಗಾಗಿ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ, ಶಿಕ್ಷಕರು ಮರದಡಿಯಲ್ಲಿ, ಗುಡಿಯ ಅಂಗಳದಲ್ಲಿ ಪಾಠ ಹೇಳಿದರು. ನಮ್ಮೂರ ಬಸದಿಯ ಜಗಲಿಯನ್ನು ಬಿಟ್ಟುಕೊಡುವ ವಿಚಾರದಲ್ಲಿ ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಾದವು. ದಿನವೂ ದರ್ಶನಕ್ಕೆ ಬರುವ ವೃದ್ಧರ ಪ್ರಾಣಕ್ಕೆ ಕುತ್ತಾದೀತೆಂದವರನ್ನು ನಾನು ಕಲ್ಲೆದೆಯವರೆನ್ನಲಾರೆ. ಕೊನೆಗೆ ಜಗಲಿ ತೆರೆಯಿತು, ಹುಡುಗ ಬಂದ. ಆದರೆ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ ವರದಿಗಳು ಬಂದು ಅಕ್ಟೋಬರ್‌ನಲ್ಲಿ ಸರ್ಕಾರವೇ ವಿದ್ಯಾಗಮವನ್ನು ನಿಲ್ಲಿಸಿತು. ಮದುವೆಗಳಿಗೆ ಅನುಮತಿ ದೊರೆತು ಎಷ್ಟೋ ತಿಂಗಳು ಕಳೆದ ಮೇಲೆ ಒಂದನೆಯ ತರಗತಿ ತೆರೆಯಿತೆಂಬುದನ್ನು ಮಾತ್ರ ನನ್ನಿಂದ ಮರೆಯಲಾಗಿಲ್ಲ.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ 92 ಮಂದಿ ಹಿಂದಿನ ವರ್ಷ ಬಲ್ಲ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ 82 ಮಂದಿ. ಮರೆತದ್ದರ ಲೆಕ್ಕ ಇದು. ಕಲಿಯಲೇ ಇಲ್ಲದ್ದು ಬೇರೆ. ಸರ್ಕಾರವು 2022-23ನೆಯ ಸಾಲಿನಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆಸಿತು. ಆದರೂ ಆ ವರ್ಷಗಳ ಮಕ್ಕಳು ದೊಡ್ಡ ತರಗತಿಗಳಿಗೆ ಏರಿದ ಮೇಲೂ ಒತ್ತಕ್ಷರ ಕಂಡಲ್ಲಿ ತಡವರಿಸುವವರಿದ್ದಾರೆ. ಮನೆಗೆಲಸದಾಕೆಯ ಮಗನೂ ಅವರಲ್ಲೊಬ್ಬ. ಗಣಿತದಲ್ಲಿ ಚುರುಕು, ಆದರೆ ಲೆಕ್ಕದ ವಾಕ್ಯವನ್ನು ಇನ್ನೊಬ್ಬರು ಓದಿ ಹೇಳಬೇಕು.

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಯು ಅಂಕಗಳನ್ನು ಮಾತ್ರ ಕೇಳುತ್ತದೆ. ಅರ್ಜಿ ತರುವ ಪ್ರತಿ ಮಗುವಿನಿಂದಲೂ ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳಬೇಕು, ಯಾರಿಗೂ ನೆರವು ನಿರಾಕರಿಸುವುದಕ್ಕಲ್ಲ, ತಡವರಿಸುವವರನ್ನು ಸಂಜೆ ಜಗಲಿಗೆ ಕರೆಯುವುದಕ್ಕೆ ಎಂದು ಕಳೆದ ಸಭೆಯಲ್ಲಿ ಸೂಚಿಸಿದೆ. ಕಾರ್ಯದರ್ಶಿಗಳು ಲಿಖಿತವಾಗಿ ಕೊಡಲು ತಿಳಿಸಿದರು. ಕೊಟ್ಟಿದ್ದೇನೆ.