ಸಾಕ್ಷಿಗುಡ್ಡೆ

ಕುದೇರಿನ ನಮ್ಮ ಮನೆಯ ಹಿತ್ತಿಲಲ್ಲಿ ಬಾವಿಯನ್ನು ತೋಡಿಸಿದಾಗ ನನಗೆ ಹತ್ತು ವರ್ಷ. ಅದೇ ಹಿತ್ತಿಲ ಬೇಲಿಯನ್ನು ದಾಟಿದ ಕೂಡಲೆ ಸಿಕ್ಕುವ ಹೊಲದ ತಗ್ಗಿನಲ್ಲಿ ಕೃಷಿಹೊಂಡವನ್ನು ತೆಗೆಸಿದಾಗ ನಾನು ಐವತ್ತನ್ನು ದಾಟಿದ್ದೆನು. ಮೊದಲನೆಯದರಲ್ಲಿ ಗುತ್ತಿಗೆ ಹಿಡಿದ ಮೇಸ್ತ್ರಿಯೊಡನೆ ಮಾತನಾಡಿದವರು ನನ್ನ ತಾತ, ಎರಡನೆಯದರಲ್ಲಿ ಗುತ್ತಿಗೆದಾರನೊಡನೆ ಮಾತನಾಡಿದವನು ನಾನು. ತೋಡುವ ಕೆಲಸ ಎರಡು ಕಡೆಯೂ ನಿರಾತಂಕವಾಗಿಯೇ ಸಾಗಿತು. ಕೆಲಸ ಇನ್ನೇನು ಮುಗಿಯಿತೆನ್ನುವ ಕಡೆಯ ದಿನಗಳಲ್ಲಿ ಏನು ನಡೆಯಿತೆಂಬುದನ್ನು ಬರೆದಿಡಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೇನೆ.

ಅದು 1972ರ ಬರಗಾಲದ ಸಮಯ. ನಮ್ಮ ಊರು ಆಗ ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಯಳಂದೂರಿನ ಮೂಲಕ ಹರಿದು ಕಾವೇರಿಯನ್ನು ಸೇರುವ ಸುವರ್ಣಾವತಿ ನಮ್ಮ ಸೀಮೆಯದೇ ಹೊಳೆಯಾದರೂ, ಅದರ ನೀರು ಎಟುಕದ ಹೊಲಗಳಿಗೆ ಬೇಸಗೆಯ ಕೊನೆಯಲ್ಲಿ ಒಮ್ಮೆ, ಭಾದ್ರಪದ ಆಶ್ವಯುಜಗಳಲ್ಲಿ ಮತ್ತೊಮ್ಮೆ ಬೀಳುವ ಮಳೆಯೇ ಗತಿ. ಆ ಎರಡು ಮಳೆಗಳೂ ಕೈಕೊಟ್ಟ ಮೇಲೆ, ಊರ ಬಾವಿಯ ಮುಂದೆ ಕೊಡಗಳ ಸಾಲು ಬೆಳಗಿನ ಜಾವಕ್ಕೇ ನಿಲ್ಲತೊಡಗಿದ ಮೇಲೆ, ತಾತ ಭೂ ಅಭಿವೃದ್ಧಿ ಬ್ಯಾಂಕಿನಲ್ಲಿ ಸಾಲವನ್ನು ಪಡೆದು, ಮನೆಗೂ ಹಿತ್ತಿಲ ತೋಟಕ್ಕೂ ಆಗುವಂತೆ ಒಂದು ಬಾವಿಯನ್ನು ತೋಡಿಸಲು ನಿಶ್ಚಯಿಸಿದರು.

ಗುತ್ತಿಗೆ ಹಿಡಿದವನು ಭೋವಿ ಸಮುದಾಯದ ಒಬ್ಬ ವೃದ್ಧ ಮೇಸ್ತ್ರಿ. ಆತನ ಸಂಗಡ ಹನ್ನೆರಡು ಜನ, ಅವರಲ್ಲಿ ಐವರು ಹೆಂಗಸರು. ಹಾರೆ, ಗುದ್ದಲಿ, ಚಮ್ಮಟಿಗೆ, ಉಳಿ, ಮಂಕರಿ ಇಷ್ಟೇ ಅವರ ಸಲಕರಣೆ. ಮಣ್ಣಿಗೆ ಒಂದು ದರ, ಗೊಚ್ಚಿಗೆ ಒಂದು ದರ, ಬಂಡೆಗೆ ಮತ್ತೊಂದು ದರವೆಂದು ಕರಾರಾಗಿದ್ದುದರಿಂದ, ಎಲ್ಲಿ ಒಂದು ಮುಗಿದು ಇನ್ನೊಂದು ಆರಂಭವಾಯಿತೆಂಬುದರ ಮೇಲೆಯೇ ಲೆಕ್ಕವೆಲ್ಲ ನಿಂತಿತ್ತು. ಮೊದಲ ಕರಿಕಲ್ಲು ಉಳಿಗೆ ತಾಗಿ ಶಬ್ದ ಬದಲಾದ ಕ್ಷಣವೇ ಆತನು ಕೆಲಸವನ್ನು ನಿಲ್ಲಿಸಿ, ಮೇಲಕ್ಕೆ ಹೇಳಿಕಳುಹಿಸಿ, ಎಪ್ಪತ್ತು ವರ್ಷದ ತಾತನನ್ನು ಏಣಿಯ ಮೇಲೆ ಕೈಹಿಡಿದು ಕೆಳಗಿಳಿಸಿಕೊಂಡು, ಅವರ ಕಣ್ಣೆದುರಿಗೇ ಬಾವಿಯ ಗೋಡೆಯಲ್ಲಿ ಅಡ್ಡಲಾಗಿ ಒಂದು ಗೆರೆಯನ್ನು ಕೊರೆದನು. ಆ ಗೆರೆ ಇಂದಿಗೂ ಇದೆ.

ಈ ಗೆರೆಯ ಅರ್ಥ ನನಗೆ ತಿಳಿದದ್ದು ಆ ವರ್ಷವೇ ಕೆರೆಯಲ್ಲಿ ಹೂಳೆತ್ತುವ ಕೆಲಸವನ್ನು ನೋಡಿದಾಗ. ಮಣ್ಣನ್ನು ಅಗೆದು ಹೊತ್ತು ಹಾಕಿದ ಮೇಲೆ ಎಷ್ಟು ಅಗೆದೆವೆಂದು ತೋರಿಸುವುದು ಹೇಗೆ? ಅಗೆಯುವಾಗ ನಡುನಡುವೆ ಒಂದೊಂದು ಕಡೆ ಮಣ್ಣನ್ನು ಮುಟ್ಟದೆ ಹಾಗೆಯೇ ಬಿಡುತ್ತಿದ್ದರು. ಸುತ್ತಲಿನ ನೆಲ ತಗ್ಗಾದಂತೆ ಅದು ನೆತ್ತಿಯ ಮೇಲೆ ಹಳೆಯ ಹುಲ್ಲನ್ನು ಹೊತ್ತು ಕಂಬದಂತೆ ನಿಲ್ಲುತ್ತಿತ್ತು. ಅದೇ ಸಾಕ್ಷಿಗುಡ್ಡೆ. ಅಗೆದವನೂ ಅಗೆಸಿದವನೂ ಅದರ ಬುಡದಲ್ಲಿ ನಿಂತು, ಅದರ ಎತ್ತರವನ್ನು ಅಳೆದು, ಲೆಕ್ಕ ಒಪ್ಪಿಗೆಯಾದ ಮೇಲೆಯೇ ಅದನ್ನು ಕೆಡಹುವುದು. ಇಂದು ರಾಜಕಾರಣಿಗಳು ತಮ್ಮ ಸಾಧನೆಗಳನ್ನು ಕುರಿತು ಹೇಳುವಾಗ ಬಳಸುವ ಈ ಮಾತು ನಮ್ಮ ಸೀಮೆಯವರಿಗೆ ಮಣ್ಣು ಹೊತ್ತವರ ಕೂಲಿಯ ಮಾತಾಗಿತ್ತು. ಅಕ್ಷರ ಬಾರದವನು ಅಕ್ಷರ ಬಲ್ಲವನಿಂದ ಮೋಸಹೋಗದಿರಲು ಕಂಡುಕೊಂಡ ಇದಕ್ಕಿಂತ ಉತ್ತಮವಾದ ಉಪಾಯವನ್ನು ನಾನು ಕಾಣೆ.

ಮೂವತ್ತೆಂಟು ಅಡಿಗೆ ನೀರು ಒಸರಿತು, ನಲವತ್ತಾರಕ್ಕೆ ನಿಂತರು. ಅನಂತರ ಕಟ್ಟಡ. ತಳದಿಂದ ಬಂಡೆಯವರೆಗೆ ಏನೂ ಬೇಕಿಲ್ಲ. ಬಂಡೆಯ ಮೇಲೆ ಊಟೆ ಒಳಕ್ಕೆ ಇಳಿಯುವಂತೆ ಗಾರೆಯಿಲ್ಲದ ಒಣಕಲ್ಲಿನ ವರಸೆ. ಮೇಲಿನ ಹತ್ತು ಅಡಿಗೆ ಮಾತ್ರ, ಹೊರಗಿನ ಕೊಳೆನೀರು ಸೇರದಂತೆ, ಗಾರೆಯ ಕಟ್ಟಡ. ಆ ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಅಳಲೆಕಾಯಿ ನೆನೆಸಿದ ನೀರನ್ನೂ ಬೆಲ್ಲದ ನೀರನ್ನೂ ಸೇರಿಸುತ್ತಿದ್ದರು. ಬೆಲ್ಲ ಕದಿಯುವ ಆಸೆಯಿಂದ ನಾವು ಹುಡುಗರು ಗಾಣದ ಸುತ್ತ ಸುಳಿದಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಈ ಕಟ್ಟಡದಲ್ಲಿಯೇ, ಒಂದೊಂದು ಕಲ್ಲಿನ ಅರ್ಧವನ್ನು ಗೋಡೆಯೊಳಗೆ ಹುದುಗಿಸಿ ಅರ್ಧವನ್ನು ಹೊರಕ್ಕೆ ಚಾಚಿ, ಓರೆಯಾಗಿ ಇಳಿಯುವ ಮೆಟ್ಟಿಲುಗಳನ್ನು ಕೂಡಿಸುವುದು ವಾಡಿಕೆ. ಬ್ಯಾಂಕಿನ ಸಾಲದ ಹಣ ಮುಗಿದಿತ್ತು, ಮಳೆ ಬಂದಿರಲಿಲ್ಲ, ಅಜ್ಜಿಯ ಕಡಗಗಳು ಆಗಲೇ ಅಡವಿಗೆ ಹೋಗಿದ್ದವು. ಆದಕಾರಣ ತಾತ, ಕಟ್ಟಡದ ಮೆಟ್ಟಿಲುಗಳಷ್ಟೇ ಸಾಕು, ಬಂಡೆಯಲ್ಲಿ ಕೊರೆಯಬೇಕಾಗಿದ್ದ ಕೆಳಗಿನ ಏಳು ಮೆಟ್ಟಿಲುಗಳು ಬೇಡ, ಲೆಕ್ಕ ಮುಗಿಸಿಬಿಡೋಣ ಎಂದರು. ಹಣ ಕೊಡುವವನೇ ಕೆಲಸ ಸಾಕೆಂದಾಗ ಗುತ್ತಿಗೆ ಹಿಡಿದವನು ಸಂತೋಷದಿಂದ ಒಪ್ಪತಕ್ಕದ್ದು. ಮೇಸ್ತ್ರಿ ಒಪ್ಪಲಿಲ್ಲ. ಆತನು ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ನಾವು ಮಕ್ಕಳು ಆಡುತ್ತಿದ್ದ ಕಡೆಗೆ ತಿರುಗಿ, “ಅವರಲ್ಲಿ ಒಂದು ಬಿದ್ದರೆ ಕೈಗೆ ಸಿಕ್ಕೋದು ಏನು ಸ್ವಾಮಿ? ನೀರಿನ ಮಟ್ಟಕ್ಕೆ ಮೆಟ್ಟಿಲಿಲ್ಲದ ಬಾವಿನ ನಾನು ಬಿಟ್ಟುಹೋಗಲಾರೆ” ಎಂದನು. ಮುಂದಿನ ಒಂಬತ್ತು ದಿನ ಆತನೂ ಆತನ ಮಗನೂ ನೀರನ್ನು ತೋಡಿ ಹಾಕುತ್ತ ಹಾಕುತ್ತ ಆ ಏಳನ್ನೂ ಕೊರೆದರು. ಅದರ ಕೂಲಿಯನ್ನು ತಾತ ಮರುವರ್ಷದ ಸುಗ್ಗಿಯಲ್ಲಿ ರಾಗಿಯ ರೂಪದಲ್ಲಿ ತೀರಿಸಿದರು. ಗಂಗೆಪೂಜೆಯ ದಿನ ಮೇಸ್ತ್ರಿಗೆ ಪಂಚೆಯನ್ನೂ ಆತನ ಹೆಂಡತಿಗೆ ಸೀರೆಯನ್ನೂ ಕೊಟ್ಟು ಮೊದಲ ಕೊಡವನ್ನು ಅವಳ ಕೈಯಿಂದಲೇ ಎತ್ತಿಸಿದರು.

ಹಳೆಯದೆಲ್ಲವೂ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ಹೆಂಗಸರು ಹೊತ್ತ ಮಂಕರಿಗಳ ಭಾರವನ್ನು ನಾನು ಕಂಡಿದ್ದೇನೆ; ಸಿಡಿಮದ್ದಿನಿಂದ ಎರಡು ಬೆರಳನ್ನು ಕಳೆದುಕೊಂಡಿದ್ದ ತರುಣನೊಬ್ಬನು ಅವರಲ್ಲಿದ್ದನು; ಮುಂಗಡ ಹಣದ ಋಣದಲ್ಲಿ ತಲೆಮಾರುಗಳೇ ಸಿಕ್ಕಿಕೊಳ್ಳುತ್ತಿದ್ದ ಕಾಲವದು, ಜೀತವನ್ನು ರದ್ದುಮಾಡುವ ಶಾಸನವು ಬಂದದ್ದು 1976ರಲ್ಲಿ. ಯಂತ್ರವು ಅವರ ತಲೆಯ ಮೇಲಿನ ಮಂಕರಿಯನ್ನು ಇಳಿಸಿದ್ದಕ್ಕಾಗಿ ನಾನು ಯಂತ್ರಕ್ಕೆ ಕೃತಜ್ಞನಾಗಿದ್ದೇನೆ.

ಆ ಯಂತ್ರ ನಮ್ಮಲ್ಲಿಗೆ ತಮಿಳುನಾಡಿನ ತಿರುಚೆಂಗೋಡಿನಿಂದ ಬಂದಿತು. ಆ ಊರಿನ ಕೊಳವೆಬಾವಿ ಲಾರಿಗಳು ದೇಶವನ್ನೆಲ್ಲ ಸುತ್ತಿದವು. ಅವು ನಮ್ಮ ಬೀದಿಗೂ ರಾತ್ರಿಯ ಹೊತ್ತು ಬಂದು, ಅಡಿಗಿಷ್ಟೆಂದು ದರ ಹೇಳಿ, ಬೆಳಗಾಗುವುದರೊಳಗೆ ಬೂದಿಯಂಥ ಕಲ್ಲುಪುಡಿಯನ್ನು ಅಂಗಳದ ತುಂಬ ಎರಚಿ ಹೊರಟುಹೋಗುತ್ತಿದ್ದವು. ಆರಂಭದಲ್ಲಿ ಇನ್ನೂರು ಅಡಿ, ಆಮೇಲೆ ನಾನೂರು, ಆಮೇಲೆ ಲೆಕ್ಕವೇ ಇಲ್ಲ. ನೆಲದೊಳಗೆ ಹೋದ ಅಡಿಗಳನ್ನು ಎಣಿಸಲು ಮನೆಯವರಿಗೆ ಕಣ್ಣಿಗೆ ಕಾಣುವ ಗುರುತು ಯಾವುದೂ ಇರಲಿಲ್ಲ. ಕೊಳವೆಗಳನ್ನು ಎಣಿಸುತ್ತ ನಿದ್ದೆಗೆಟ್ಟವರು ಕೆಲವರು, ಹೇಳಿದ್ದನ್ನು ನಂಬಿ ಕೊಟ್ಟವರು ಹಲವರು. ನಮ್ಮ ಹಿತ್ತಿಲ ಬಾವಿಯಲ್ಲಿ ನೀರು ಮೊದಲು ಬಂಡೆಯ ಗೆರೆಯಿಂದ ಕೆಳಗಿಳಿಯಿತು, ಅನಂತರ ಏಳು ಮೆಟ್ಟಿಲುಗಳೂ ಒಂದೊಂದಾಗಿ ಹೊರಗೆ ಕಂಡವು, ಕಡೆಗೆ ತಳವೇ ಕಂಡಿತು.

ರಾಜ್ಯ ಸರಕಾರವು 2014ರಲ್ಲಿ ಕೃಷಿಭಾಗ್ಯ ಯೋಜನೆಯನ್ನು ಆರಂಭಿಸಿ, ಮಳೆಯಾಶ್ರಿತ ಹೊಲಗಳಲ್ಲಿ ಹೊಂಡ ತೆಗೆಸುವುದಕ್ಕೂ ಅದಕ್ಕೆ ಪಾಲಿಥೀನ್ ಹಾಳೆ ಹಾಸುವುದಕ್ಕೂ ಸಹಾಯಧನವನ್ನು ಕೊಡತೊಡಗಿತು. ನಾನು ತೆಗೆಸಿದ್ದು ಉದ್ದಗಲ ಹನ್ನೆರಡು ಮೀಟರ್, ಆಳ ಮೂರು ಮೀಟರಿನ ಹೊಂಡ. ನಾಲ್ಕು ಮಗ್ಗುಲೂ ಇಳಿಜಾರಾಗಿರುವುದರಿಂದ ಅದರಲ್ಲಿ ಹಿಡಿಯುವುದು ಸುಮಾರು ಎರಡೂವರೆ ಲಕ್ಷ ಲೀಟರ್ ನೀರು. ಗಂಟೆಯ ಬಾಡಿಗೆಗೆ ಬಂದ ಇಟಾಚಿ ಯಂತ್ರದ ಚಾಲಕನಿಗೆ, ನಡುವೆ ಒಂದು ಸಾಕ್ಷಿಗುಡ್ಡೆಯನ್ನು ಬಿಡೆಂದು ನಾನು ಹೇಳಿದಾಗ, ಆ ತರುಣನು ಆ ಮಾತನ್ನೇ ಕೇಳಿರಲಿಲ್ಲ. ಆದರೂ ಕಾರಣವನ್ನು ವಿವರಿಸಿದ ಮೇಲೆ ಬಹಳ ಅಂದವಾಗಿ ಒಂದನ್ನು ಬಿಟ್ಟನು. ಅದನ್ನು ಅಳೆದು, ಒಪ್ಪಿ, ಕೆಡಹಿದೆವು. ಅಲ್ಲಿಯವರೆಗೆ ಎಲ್ಲವೂ ಸರಿ.

ಹಾಳೆ ಹಾಸುವ ಗುತ್ತಿಗೆದಾರ ಬೇರೆ. ಹಾಸುವ ಮುನ್ನ ಇಳಿಜಾರಿನ ಕಲ್ಲುಹರಳುಗಳನ್ನೂ ಬೇರುಗಳನ್ನೂ ಆಯ್ದು ತೆಗೆದು, ನುಣ್ಣನೆಯ ಮಣ್ಣನ್ನು ಬಳಿದು, ದಡದ ಸುತ್ತ ಕಾಲುವೆಯನ್ನು ಅಗೆದು ಹಾಳೆಯ ಅಂಚನ್ನು ಅದರಲ್ಲಿ ಹೂಳಬೇಕು. ನೀರು ಬರುವ ಕಡೆ ಹೂಳು ತಂಗುವ ಗುಂಡಿ, ಹೆಚ್ಚಾದದ್ದು ಹೋಗಲು ಕೋಡಿ, ಸುತ್ತಲೂ ತಂತಿಬೇಲಿ ಆಗಬೇಕು. ಇವುಗಳಲ್ಲಿ ಹಾಳೆಯೊಂದನ್ನು ಅರ್ಧ ದಿನದಲ್ಲಿ ಹಾಸಿ, ಮೊಬೈಲಿನಲ್ಲಿ ನಾಲ್ಕು ಮೂಲೆಯ ಛಾಯಾಚಿತ್ರಗಳನ್ನು ತೆಗೆದು, ಕೆಲಸ ಮುಗಿದಿದೆಯೆಂದು ರುಜುಮಾಡಲು ಆತನು ಕಾಗದವನ್ನು ಮುಂದೆ ಹಿಡಿದನು. ಛಾಯಾಚಿತ್ರದಲ್ಲಿ ಹೊಂಡವು ನಿಜಕ್ಕೂ ಪೂರ್ಣವಾಗಿ, ಬಹು ಸುಂದರವಾಗಿ ಕಾಣುತ್ತಿತ್ತು. ಮಳೆ ಬರಲಿ, ನೋಡಿ ಹಾಕುತ್ತೇನೆ ಎಂದೆನು.

ಬಂದ ಮೊದಲ ಮಳೆಗೆ ನಾಲ್ಕಡಿ ನೀರು ನಿಂತಿತು. ನಾನು ಅಳತೆಗೋಲೊಂದನ್ನು ನಿಲ್ಲಿಸಿ ದಿನವೂ ಬೆಳಗ್ಗೆ ಹೋಗಿ ನೋಡಿದೆನು. ಬಿಸಿಲಿಗೆ ಆವಿಯಾಗುವುದು ದಿನಕ್ಕೆ ಐದಾರು ಮಿಲಿಮೀಟರ್, ಅರ್ಧ ಬೆರಳಿನಗಲಕ್ಕಿಂತ ಹೆಚ್ಚಿಲ್ಲ. ನಮ್ಮ ಹೊಂಡದಲ್ಲಿ ಇಳಿಯುತ್ತಿದ್ದುದು ಅಂಗೈಯಗಲ. ಅದು ಆವಿಯೆಂದೇ ಗುತ್ತಿಗೆದಾರ ಫೋನಿನಲ್ಲಿ ಸಾಧಿಸಿದನು. ಹನ್ನೊಂದನೆಯ ದಿನ ನಾನು ಅವನನ್ನು ಕರೆಸಿ, ಕೋಲಿನ ಮೇಲೆ ಸುಣ್ಣದಿಂದ ಬಳಿದಿದ್ದ ಹನ್ನೊಂದು ಗೆರೆಗಳನ್ನು ತೋರಿಸಿದೆನು. ಆಗ ಮಾತ್ರ ಅವನು ಸುಮ್ಮನಾದನು. ನೀರನ್ನು ಬತ್ತಿಸಿ ನೋಡಿದರೆ, ಆಯ್ದು ತೆಗೆಯದೆ ಬಿಟ್ಟಿದ್ದ ಬೆಣಚುಕಲ್ಲಿನ ಮೂರು ಚೂರುಗಳು ಹಾಳೆಯನ್ನು ಕೆಳಗಿನಿಂದ ತೂತು ಮಾಡಿದ್ದವು. ಅವನ ಕೆಲಸಗಾರರು ಆ ಭಾಗವನ್ನು ಎತ್ತಿ, ನೆಲವನ್ನು ಶುದ್ಧಮಾಡಿ, ಬಿಸಿಯಂತ್ರದಿಂದ ತೇಪೆಗಳನ್ನು ಬೆಸೆದುಕೊಟ್ಟರು. ಆ ಹುಡುಗರ ಕೈ ಬಹಳ ಚೆನ್ನಾಗಿತ್ತು. ಮೊದಲೇ ಅವರಿಗೆ ಎರಡು ದಿನದ ಅವಕಾಶವನ್ನು ಕೊಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಉಳಿದದ್ದು ಬೇಲಿ. ಅದನ್ನು ಆಮೇಲೆ ನೋಡೋಣವೆಂದು ಆತನು ಮತ್ತೆ ಕಾಗದವನ್ನು ಹಿಡಿದನು. ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆಮತ್ತೆ ಓದಿದ್ದೆನು. ಒದ್ದೆಯಾದ ಪಾಲಿಥೀನಿನ ಇಳಿಜಾರಿನಲ್ಲಿ ಕಾಲು ಊರಲು ಎಡೆಯಿಲ್ಲ, ಹಿಡಿಯಲು ಒಂದು ಬೇರೂ ಇಲ್ಲ, ಈಜು ಬಲ್ಲವನೂ ಹತ್ತಿ ಬರಲಾರನು. ಹಳೆಯ ಬಾವಿಕಟ್ಟೆಯ ಮೇಲೆ ಕುಳಿತು ಮಕ್ಕಳ ಕಡೆ ತಿರುಗಿದ ಆ ವೃದ್ಧನ ಮುಖ ನನ್ನ ಕಣ್ಣ ಮುಂದೆ ಬಂದಿತು. ನಾನು ರುಜು ಹಾಕಲಿಲ್ಲ. ಒಂದು ತಿಂಗಳ ಕಾಲ, ಮಾತು ಬಿರುಸಾದರೂ, ಹಾಕಲಿಲ್ಲ.

ಕಡೆಗೆ ಕಲ್ಲುಕಂಬಗಳು ಬಂದವು, ತಂತಿ ಬಂದಿತು. ನಾಲ್ಕು ಮೂಲೆಗಳಿಂದಲೂ ಗಂಟುಹಾಕಿದ ಹಗ್ಗಗಳನ್ನು ನೀರಿನವರೆಗೆ ಇಳಿಬಿಟ್ಟು ಕಂಬಗಳಿಗೆ ಬಿಗಿದೆವು. ಬೇಲಿಯ ಬಾಗಿಲಿಗೆ ಬೀಗ ಬಿದ್ದ ಸಂಜೆ, ಅದರ ಎದುರಿಗೇ ನಿಂತು ನಾನು ಕಾಗದಕ್ಕೆ ರುಜು ಹಾಕಿ ಕಡೆಯ ಕಂತನ್ನು ಎಣಿಸಿಕೊಟ್ಟೆನು. ಆ ದಿನ ಹೊಂಡದಲ್ಲಿ ಏಳಡಿ ನೀರಿತ್ತು.